ಬ್ಯಾಲೆ ಪಾಠದ ಫ್ರೆಂಚ್ ಮಾತುಗಳು ಏನು ಹೇಳುತ್ತವೆ

(ಮಡಿಕೇರಿಯಲ್ಲಿ ನೃತ್ಯ ಕಲಿಯುವ ಮಕ್ಕಳು, ಅವರ ಪೋಷಕರು ಮತ್ತು ಇತರ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಈ ಊರಿನಲ್ಲಿ ಮಕ್ಕಳಿಗೆ ಭರತನಾಟ್ಯವನ್ನೂ, ಕೆಲವು ವರ್ಷಗಳಿಂದ ಬ್ಯಾಲೆಯ ಮೊದಲ ಪಾಠಗಳನ್ನೂ ಹೇಳಿಕೊಡುತ್ತಿದ್ದೇನೆ. ಇವತ್ತು ಹೇಳಬೇಕೆಂದಿರುವ ವಿಷಯ ನನಗೆ ಸ್ಪಷ್ಟವಾದದ್ದು ಒಂದು ಸೀಸೆ ಕೊಬ್ಬರಿ ಎಣ್ಣೆಯಿಂದ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಕಿಟಕಿಯಾಚೆಗೆ ಮಂಜು ಇನ್ನೂ ಸರಿದಿರಲಿಲ್ಲ. ಹತ್ತು ವರ್ಷದ ಹುಡುಗಿಯೊಬ್ಬಳು ಬಾರ್ ಎಂದು ಕರೆಯುವ ಗೋಡೆಯ ಹಿಡಿಗಂಬಿಯನ್ನು ಹಿಡಿದು ಫೋಂದ್ಯು ಎಂಬ ಅಭ್ಯಾಸವನ್ನು ಮಾಡುತ್ತಿದ್ದಳು. ಒಂದು ಕಾಲಿನ ಮೇಲೆ ನಿಂತು ಮಂಡಿ ಬಗ್ಗಿಸಬೇಕು, ಅದೇ ಹೊತ್ತಿಗೆ ಇನ್ನೊಂದು ಕಾಲು ಮಡಿಸಿಕೊಂಡು ನಿಂತ ಕಾಲಿನ ಪಾದದ ಗಂಟಿನ ಬಳಿ ಬರಬೇಕು, ಆಮೇಲೆ ಎರಡೂ ಕಾಲು ಒಟ್ಟಿಗೆ ಹಿಗ್ಗಿ ಒಂದೇ ಕ್ಷಣದಲ್ಲಿ ನೆಟ್ಟಗಾಗಬೇಕು. ಅವಳು ಬಗ್ಗುತ್ತಿದ್ದಳು, ನಿಲ್ಲುತ್ತಿದ್ದಳು, ಮತ್ತೆ ಏಳುತ್ತಿದ್ದಳು. ನಾನು ‘ಇನ್ನೂ ನಿಧಾನ, ಇನ್ನೂ ನಿಧಾನ’ ಎಂದೆ. ಅವಳು ಅದೇ ಬಗ್ಗು, ಅದೇ ನಿಲ್ಲು, ಅದೇ ಏಳನ್ನು ನಿಧಾನವಾಗಿ ಮಾಡಿದಳು. ಕೊನೆಗೆ ಅವಳೇ ಕೇಳಿದಳು: ‘ಮಿಸ್, ಫೋಂದ್ಯು ಅಂದ್ರೆ ಏನು ಮಿಸ್?’ ಕರಗಿದ್ದು ಎಂದೆ. ‘ಏನು ಕರಗಿದ್ದು?’ ಎಂದು ಮತ್ತೆ ಕೇಳಿದಳು.

ಮಕ್ಕಳ ತುರುಬು ಕಟ್ಟಲೆಂದು ತಂದ ಕೊಬ್ಬರಿ ಎಣ್ಣೆಯ ಸೀಸೆ ಕಿಟಕಿಯ ಕಟ್ಟೆಯ ಮೇಲಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಚಳಿಯಲ್ಲಿ ಅದು ಮೇಣದಂತೆ ಬೆಳ್ಳಗಾಗಿ ಕುಳಿತಿತ್ತು. ಬಿಸಿನೀರಿನ ಚೊಂಬಿನಲ್ಲಿ ಸೀಸೆಯನ್ನು ಇಟ್ಟೆ. ಇಬ್ಬರೂ ನೋಡುತ್ತ ನಿಂತೆವು. ಮೊದಲು ಗಾಜಿನ ಅಂಚಿಗೆ ಒಂದು ತಿಳಿಯಾದ ಗೆರೆ ಕಂಡಿತು. ಆಮೇಲೆ ಬಿಳಿಯ ಗಟ್ಟಿ ಸ್ವಲ್ಪ ವಾಲಿತು, ಸಣ್ಣದಾಗುತ್ತ ತಳಕ್ಕೆ ಇಳಿಯಿತು. ಯಾವ ಗಳಿಗೆಯಲ್ಲಿ ಅದು ಗಟ್ಟಿಯಾಗಿರುವುದು ಮುಗಿದು ಎಣ್ಣೆಯಾಯಿತು ಎಂದು ಇಬ್ಬರಿಗೂ ಹೇಳಲಾಗಲಿಲ್ಲ. ಅವಳು ಮರಳಿ ಬಾರ್ ಹಿಡಿದು ನಿಂತಾಗ ನಡುವಿನ ಆ ನಿಲುಗಡೆ ಇರಲಿಲ್ಲ. ಮಂಡಿ ಇನ್ನೂ ಅಲುಗುತ್ತಿತ್ತು, ಬೆನ್ನು ಇನ್ನೂ ವಾಲುತ್ತಿತ್ತು, ಆದರೆ ಚಲನೆ ಎಲ್ಲಿಯೂ ತುಂಡಾಗಲಿಲ್ಲ.

ಅಷ್ಟು ವರ್ಷ ನಾನು ಈ ಮಾತುಗಳನ್ನು ಮಕ್ಕಳಿಗೆ ಊರಿನ ಹೆಸರುಗಳಂತೆ, ಕಂಠಪಾಠ ಮಾಡಬೇಕಾದ ಗುರುತುಗಳಂತೆ ಕೊಡುತ್ತಿದ್ದೆ. ಆದರೆ ಇವು ಫ್ರೆಂಚಿನಲ್ಲಿ ದಿನಬಳಕೆಯ ಮಾತುಗಳು, ಹೆಚ್ಚಿನವು ಕ್ರಿಯಾಪದದಿಂದ ಬಂದ ರೂಪಗಳು: ಪ್ಲಿಯೆ ಎಂದರೆ ಮಡಿಸಿದ, ತಾಂದ್ಯು ಎಂದರೆ ಬಿಗಿದೆಳೆದ, ಫ್ರಾಪೆ ಎಂದರೆ ಹೊಡೆದ, ರೆಲವೆ ಎಂದರೆ ಮೇಲೆತ್ತಿದ. ಪ್ಯಾರಿಸ್ಸಿನ ಮಗು ಅಡುಗೆಮನೆಯಲ್ಲಿ ಕರಗಿದ ಬೆಣ್ಣೆಗೂ ಫೋಂದ್ಯು ಎಂಬ ಮಾತನ್ನೇ ಕೇಳಿರುತ್ತದೆ. ಅದಕ್ಕೆ ಚಲನೆಯ ಗುಣವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ನಮಗೆ ಭರತನಾಟ್ಯದ ತಟ್ಟಡವು ಎಂಬ ಹೆಜ್ಜೆಯೂ ಹೀಗೆಯೇ ಅಲ್ಲವೇ? ತಟ್ಟು ಎಂಬ ಮಾತು ಕಿವಿಗೆ ಬಿದ್ದೊಡನೆ ಅಂಗಾಲು ಏನು ಮಾಡಬೇಕೆಂಬುದು ಗೊತ್ತಾಗುತ್ತದೆ. ನಾಟಡವಿನಲ್ಲಿ ಹಿಮ್ಮಡಿಯನ್ನು ನೆಲಕ್ಕೆ ಊರುವ ಮಗುವಿಗೆ, ಗದ್ದೆಯಲ್ಲಿ ನಾಟಿ ನೋಡಿದ್ದರೆ, ಆ ಊರುವಿಕೆಯ ದೃಢತೆ ಮಾತಿನ ಜೊತೆಗೇ ಬರುತ್ತದೆ. ಕೊಡವರ ಬೊಳಕಾಟ್ ಎಂಬ ಕುಣಿತದ ಹೆಸರಿನಲ್ಲಿ ಬೆಳಕನ್ನು ಕೇಳಿಸಿಕೊಂಡವನಿಗೆ ಆ ಕುಣಿತದ ನಡುವೆ ದೀಪ ಏಕಿದೆ ಎಂದು ಹೇಳಬೇಕಾಗುವುದಿಲ್ಲ. ಬ್ಯಾಲೆ ಕಲಿಯುವ ನಮ್ಮ ಮಕ್ಕಳಿಗೆ ತಪ್ಪಿಹೋಗುತ್ತಿರುವುದು ಈ ಕಿವಿ. ಮಾತಿನ ಅರ್ಥವನ್ನು ಅವರಿಗೆ ಕೊಟ್ಟರೆ ಅಭ್ಯಾಸದ ಉದ್ದೇಶದ ಅರ್ಧ ಭಾಗವನ್ನು ಕೊಟ್ಟಂತೆ ಎಂಬುದು ನನ್ನ ನಂಬಿಕೆ. ಏಕೆಂದರೆ ಈ ಮಾತುಗಳಲ್ಲಿ ಬಹುಪಾಲು, ಕಾಲು ಎಲ್ಲಿಗೆ ಹೋಗಬೇಕು ಎಂಬುದಕ್ಕಿಂತ ಹೇಗೆ ಹೋಗಬೇಕು ಎಂಬುದನ್ನು ಹೇಳುತ್ತವೆ.

ಫ್ರೆಂಚೇ ಏಕೆ ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ. ಬ್ಯಾಲೆಯ ಬೇರು ಇಟಲಿಯ ಅರಮನೆಗಳಲ್ಲಿತ್ತು. ಅದಕ್ಕೆ ಶಾಸ್ತ್ರದ ಕಟ್ಟು ಬಂದದ್ದು ಫ್ರಾನ್ಸಿನಲ್ಲಿ. ಅಲ್ಲಿನ ದೊರೆ ಹದಿನಾಲ್ಕನೆಯ ಲೂಯಿ ಸ್ವತಃ ನರ್ತಕ. 1653ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಆಸ್ಥಾನದ ಬ್ಯಾಲೆಯೊಂದರಲ್ಲಿ ಉದಯಸೂರ್ಯನ ವೇಷದಲ್ಲಿ ಕುಣಿದ. 1661ರಲ್ಲಿ ಅವನು ನೃತ್ಯಕ್ಕೆಂದೇ ರಾಜ ಅಕಾಡೆಮಿಯೊಂದನ್ನು ಸ್ಥಾಪಿಸಿದ. ಪಾದಗಳ ಐದು ಸ್ಥಾನಗಳನ್ನು ನಿಗದಿಪಡಿಸಿದ ಕೀರ್ತಿ ಅವನ ನೃತ್ಯಗುರು ಪಿಯೆರ್ ಬೋಶಾಂನದು. 1700ರಲ್ಲಿ ರೌಲ್ ಓಜೆ ಫೊಯೆ ನೃತ್ಯವನ್ನು ಕಾಗದದ ಮೇಲೆ ಬರೆದಿಡುವ ಪದ್ಧತಿಯನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ಫ್ರೆಂಚ್ ಹೆಸರುಗಳು ಯೂರೋಪಿನಾದ್ಯಂತ ಹರಡಿದವು. 1738ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಶಾಲೆ ತೆರೆದವನೂ ಫ್ರೆಂಚ್ ಗುರುವೇ. ಇಪ್ಪತ್ತನೆಯ ಶತಮಾನದಲ್ಲಿ ರಷ್ಯದ ಪಾಠಕ್ರಮವನ್ನು ಹೊಸದಾಗಿ ಕಟ್ಟಿದ ಅಗ್ರಿಪ್ಪಿನಾ ವಾಗನೋವಾ 1934ರಲ್ಲಿ ತನ್ನ ಪಾಠಗಳನ್ನು ರಷ್ಯನ್ನಿನಲ್ಲಿ ಬರೆದಾಗಲೂ ಹೆಸರುಗಳನ್ನು ಫ್ರೆಂಚಿನಲ್ಲೇ ಉಳಿಸಿಕೊಂಡಳು.

ಈಗ ಅಭ್ಯಾಸಗಳಿಗೆ ಬರೋಣ. ಪಾಠ ಸಾಮಾನ್ಯವಾಗಿ ಪ್ಲಿಯೆಯಿಂದ ಆರಂಭವಾಗುತ್ತದೆ. ದೆಮಿ ಎಂದರೆ ಅರ್ಧ, ಗ್ರಾಂ ಎಂದರೆ ದೊಡ್ಡದು. ಭರತನಾಟ್ಯದ ಅರೆಮಂಡಿ, ಮುಳುಮಂಡಿ ಎಂಬ ಅರ್ಧ ಮತ್ತು ಪೂರ್ತಿ ಕುಳಿತ ಭಂಗಿಗಳನ್ನು ಬಲ್ಲವರಿಗೆ ಇದು ಪರಿಚಿತ ಸೀಮೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅರೆಮಂಡಿ ನಾವು ಕುಳಿತು ಉಳಿಯುವ ನೆಲೆ, ಅಲ್ಲಿಂದಲೇ ಅಡವುಗಳು ಹೊರಡುತ್ತವೆ; ಪ್ಲಿಯೆಯಲ್ಲಿ ಉಳಿಯುವುದೇ ಇಲ್ಲ, ಅದು ಮಡಿಸುವ ಮತ್ತು ಬಿಚ್ಚುವ ನಿರಂತರ ಕ್ರಿಯೆ. ದೆಮಿ ಪ್ಲಿಯೆಯಲ್ಲಿ ಹಿಮ್ಮಡಿ ನೆಲ ಬಿಡಬಾರದು. ಹೆಚ್ಚು ಬಗ್ಗಿದಷ್ಟೂ ಚೆನ್ನ ಎಂದುಕೊಂಡ ಮಗು ಹಿಮ್ಮಡಿ ಎತ್ತಿಬಿಡುತ್ತದೆ, ಅಲ್ಲಿಗೆ ಆ ಅಭ್ಯಾಸದ ಫಲ ಕೈತಪ್ಪುತ್ತದೆ. ಏಕೆಂದರೆ ಮೀನಖಂಡದ ಸ್ನಾಯುಗಳೂ ಅವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಸ್ನಾಯುರಜ್ಜುವೂ ಹಿಗ್ಗುವುದು ಹಿಮ್ಮಡಿ ನೆಲದಲ್ಲಿದ್ದಾಗ. ಎಲ್ಲ ನೆಗೆತಗಳೂ ಈ ಮಡಿಕೆಯಿಂದಲೇ ಹಾರಿ, ಈ ಮಡಿಕೆಗೇ ಇಳಿಯುತ್ತವೆ. ಗ್ರಾಂ ಪ್ಲಿಯೆಯಲ್ಲಿ ಮಾತ್ರ, ಇನ್ನೂ ಕೆಳಗಿಳಿಯುವಾಗ, ಹಿಮ್ಮಡಿಗಳು ತಾವಾಗಿ ಏಳುತ್ತವೆ. ಪಾದಗಳು ಅಗಲವಾಗಿರುವ ಎರಡನೆಯ ಸ್ಥಾನದಲ್ಲಿ ಅಲ್ಲಿಯೂ ಏಳುವುದಿಲ್ಲ.

ನಮ್ಮಲ್ಲಿ ಹಾಕಿ ಆಡದ ಮನೆ ಕಡಿಮೆ. ಹಾಕಿ ಆಡುವ ಹುಡುಗಿಯರು ನನ್ನ ಪಾಠಕ್ಕೆ ಬಂದಾಗ ಮಂಡಿ ಬಗ್ಗಿಸುವ ಧೈರ್ಯ ಅವರಿಗೆ ಮೊದಲೇ ಇರುತ್ತದೆ, ಇಳಿದು ಚೆಂಡು ತಡೆದು ಅಭ್ಯಾಸವಾದ ಕಾಲುಗಳವು. ಆದರೆ ಮೈದಾನದಲ್ಲಿ ಬೆನ್ನು ಮುಂದಕ್ಕೆ ಬಾಗುತ್ತದೆ, ಮಂಡಿಗಳು ಮುಂದಕ್ಕೆ ನೋಡುತ್ತವೆ. ಇಲ್ಲಿ ಬೆನ್ನು ನೆಟ್ಟಗಿರಬೇಕು, ತೊಡೆಗಳು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಿ, ಮಂಡಿಗಳು ಕಾಲ್ಬೆರಳುಗಳ ದಿಕ್ಕಿಗೇ ಬಾಗಬೇಕು. ಪಾದಗಳನ್ನು ಮಾತ್ರ ಬಲವಂತವಾಗಿ ತಿರುಗಿಸಿ ನಿಂತರೆ ಆ ತಿರುಚನ್ನು ಮಂಡಿ ಹೊರಬೇಕಾಗುತ್ತದೆ. ಪೋಷಕರು ದಯವಿಟ್ಟು ಇದನ್ನು ನೆನಪಿಡಿ: ಮನೆಯಲ್ಲಿ ಮಗುವಿನ ಪಾದಗಳನ್ನು ಹಿಡಿದು ಒಂದೇ ಗೆರೆಗೆ ತರಲು ಎಂದೂ ಯತ್ನಿಸಬೇಡಿ.

ತಾಂದ್ಯುವಿನ ಪೂರ್ಣ ಹೆಸರು ಬಾತ್‌ಮಾಂ ತಾಂದ್ಯು, ಬಿಗಿದೆಳೆದ ಬಡಿತ. ಕಾಲನ್ನು ನೆಲದ ಮೇಲೆ ಜಾರಿಸಿ ಬೆರಳ ತುದಿಯವರೆಗೆ ಚಾಚುವುದು. ಚಾಚು ಎಂದು ಹೇಳಿದರೆ ಮಗು ಕಾಲನ್ನು ದೂರಕ್ಕೆ ಕಳುಹಿಸುತ್ತದೆ, ಜೊತೆಯಲ್ಲಿ ಸೊಂಟವನ್ನೂ ಕಳುಹಿಸುತ್ತದೆ. ಆಗ ನಾನು ತೋಟದಲ್ಲಿ ಕಾಫಿ ಗಿಡ ನೆಡಲು ಸಾಲು ಹಿಡಿಯುವ ಹಗ್ಗವನ್ನು ನೆನಪಿಸುತ್ತೇನೆ. ಎರಡು ಗೂಟಗಳ ನಡುವೆ ಎಳೆದು ಕಟ್ಟಿದ ಹಗ್ಗ ಬಿಗಿಯಾಗಿರುವುದು ಎರಡೂ ಗೂಟಗಳು ಅಲುಗದೆ ಇದ್ದಾಗ ಮಾತ್ರ. ಒಂದು ಗೂಟ ಸಡಿಲವಾದರೆ ಇನ್ನೊಂದು ತುದಿಯನ್ನು ಎಷ್ಟು ಎಳೆದರೂ ಹಗ್ಗ ಜೋಲುತ್ತದೆ. ತಾಂದ್ಯುವಿನಲ್ಲಿ ಒಂದು ಗೂಟ ಬೆರಳ ತುದಿ, ಇನ್ನೊಂದು ನಿಂತ ಕಾಲು ಮತ್ತು ಅದರ ಮೇಲಿನ ಸೊಂಟ. ಪಾದ ಹೊರಡುವಾಗ ಹಿಮ್ಮಡಿ ಮೊದಲು ನೆಲ ಬಿಡುತ್ತದೆ, ಆಮೇಲೆ ಬೆರಳುಗಳ ಬುಡದ ದಿಂಡು, ಕೊನೆಗೆ ಬೆರಳುಗಳು ಮಾತ್ರ ನೆಲ ಮುಟ್ಟಿಕೊಂಡಿರುತ್ತವೆ. ಹಿಂತಿರುಗುವಾಗ ಇದೇ ಕ್ರಮ ತಲೆಕೆಳಗಾಗುತ್ತದೆ. ತುದಿಯ ಮೇಲೆ ಭಾರ ಬೀಳಬಾರದು. ದಿನಕ್ಕೆ ಹತ್ತಾರು ಬಾರಿ ಇದನ್ನು ಏಕೆ ಮಾಡಿಸುತ್ತೀರಿ ಎಂದು ಪೋಷಕರು ಕೇಳುತ್ತಾರೆ. ನೆಗೆಯುವಾಗ ನೆಲವನ್ನು ಕೊನೆಯದಾಗಿ ನೂಕುವುದು ಪಾದದ ಈ ಬಿಚ್ಚಿಕೆಯೇ. ಬಾರ್ ಹಿಡಿದು ನಿಧಾನವಾಗಿ ಕಲಿತದ್ದನ್ನು ಪಾದ ಅಲ್ಲಿ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮಾಡಬೇಕಾಗುತ್ತದೆ.

ಅದೇ ತಾಂದ್ಯು ನೆಲ ಬಿಟ್ಟು ತುಸು ಮೇಲೇರಿದರೆ ಅದಕ್ಕೆ ಮೂರು ಸಂಪ್ರದಾಯಗಳಲ್ಲಿ ಮೂರು ಹೆಸರು. ಇಟಲಿಯ ನೃತ್ಯಗುರು ಎನ್ರಿಕೊ ಚೆಕೆಟ್ಟಿಯ (1850–1928) ಪದ್ಧತಿಯವರು ದೆಗಾಜೆ ಎನ್ನುತ್ತಾರೆ, ಬಿಡಿಸಿಕೊಂಡದ್ದು. ರಷ್ಯದವರು ಜೆತೆ ಎನ್ನುತ್ತಾರೆ, ಎಸೆದದ್ದು. 1920ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್‌ನ ಪಾಠಕ್ರಮದಲ್ಲಿ ಅದು ಗ್ಲಿಸೆ, ಜಾರಿದ್ದು. ಮಕ್ಕಳು ಇದನ್ನು ಗೊಂದಲವೆಂದು ಭಾವಿಸುತ್ತಾರೆ. ನನಗೆ ಇದು ಬಹಳ ಪ್ರಿಯವಾದ ಸಂಗತಿ. ಕಾಲು ನೆಲದ ಮೇಲೆ ಜಾರಬೇಕು, ನೆಲದಿಂದ ಬಿಡಿಸಿಕೊಳ್ಳಬೇಕು, ಎಸೆದಂತೆ ಚುರುಕಾಗಿರಬೇಕು. ಒಂದೇ ಚಲನೆಯ ಮೂರು ಗುಣಗಳನ್ನು ಮೂವರು ಹಂಚಿಕೊಂಡು ಹೆಸರಿಟ್ಟಿದ್ದಾರೆ. ದೆಗಾಜೆಯ ಮೂಲದಲ್ಲಿ ಗಾಜ್ ಎಂಬ ಮಾತಿದೆ, ಅದರ ಅರ್ಥ ಒತ್ತೆ. ಒತ್ತೆ ಇಟ್ಟದ್ದನ್ನು ಬಿಡಿಸಿಕೊಳ್ಳುವುದು ಆ ಕ್ರಿಯಾಪದದ ಹಳೆಯ ಅರ್ಥ. ಕನ್ನಡದಲ್ಲಿ ಒತ್ತೆಗೂ ಅಡವು ಎನ್ನುತ್ತೇವೆ, ನೃತ್ಯದ ಘಟಕಕ್ಕೂ ಅಡವು ಎನ್ನುತ್ತೇವೆ. ಎರಡಕ್ಕೂ ಸಂಬಂಧ ಕಲ್ಪಿಸುವ ಉದ್ದೇಶ ನನಗಿಲ್ಲ, ಇದು ಕೇವಲ ಆಕಸ್ಮಿಕ. ಆದರೂ ಅಡವಿಟ್ಟ ಕಾಲನ್ನು ನೆಲದಿಂದ ಬಿಡಿಸಿಕೋ ಎಂದು ನಾನು ಹೇಳಿದಾಗ ಮಕ್ಕಳು ಚಟ್ಟನೆ ಹಿಡಿಯುತ್ತಾರೆ.

ರೋಂ ದ ಜಾಂಬ್, ಕಾಲಿನ ವೃತ್ತ, ಹೆಚ್ಚು ಹೊತ್ತು ಬೇಡುವುದಿಲ್ಲ. ಕೈವಾರದ ಮುಳ್ಳು ಊರಿದ ಕಡೆ ಅಲುಗಿದರೆ ವೃತ್ತ ಕೆಡುತ್ತದೆ, ಹಾಗೆಯೇ ಇಲ್ಲಿ ಸೊಂಟ ಅಲುಗಬಾರದು. ತೊಡೆಯ ಮೂಳೆ ಸೊಂಟದ ಗೂಡಿನೊಳಗೆ ಸಲೀಸಾಗಿ ತಿರುಗುವುದನ್ನು ಕಲಿಸುವುದೇ ಇದರ ಕೆಲಸ. ಮುಂದಿನಿಂದ ಹಿಂದಕ್ಕೆ ಹೋದರೆ ಆಂ ದೆಓರ್, ಹೊರಮುಖ. ಹಿಂದಿನಿಂದ ಮುಂದಕ್ಕೆ ಬಂದರೆ ಆಂ ದೆದಾಂ, ಒಳಮುಖ. ಗ್ರಾಂ ಬಾತ್‌ಮಾಂ ದೊಡ್ಡ ಬಡಿತ. ಕಾಲನ್ನು ಮೇಲಕ್ಕೆ ಎಸೆಯುವುದು ಎಲ್ಲರಿಗೂ ಇಷ್ಟ, ಅದನ್ನು ಹಿಡಿತದಲ್ಲಿ ಇಳಿಸುವುದರಲ್ಲಿ ಅದರ ನಿಜವಾದ ಕಷ್ಟವಿದೆ.

ದೆವಲೊಪೆಯ ಬಳಿ ನಾನು ತುಸು ನಿಲ್ಲಲೇಬೇಕು. ಅದರ ಅರ್ಥ ಸುತ್ತಿದ್ದನ್ನು ಬಿಚ್ಚಿದ್ದು. ಪಾದ ನಿಂತ ಕಾಲಿನ ಗಂಟಿಗೆ ಬರುತ್ತದೆ. ಆ ಜಾಗಕ್ಕೆ ಫ್ರೆಂಚರು ಕು ದ ಪಿಯೆ, ಪಾದದ ಕೊರಳು, ಎಂದು ಸೊಗಸಾಗಿ ಹೇಳುತ್ತಾರೆ. ಅಲ್ಲಿಂದ ಮಂಡಿಯವರೆಗೆ ಏರಿ, ಆಮೇಲೆ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಮಕ್ಕಳು ಇಲ್ಲಿ ಪಾದವನ್ನು ಮೊದಲು ಹೊರಕ್ಕೆ ಕಳುಹಿಸುತ್ತಾರೆ. ತೊಡೆ ಕೆಳಗೇ ಉಳಿಯುತ್ತದೆ, ಅಭ್ಯಾಸ ಒದೆತವಾಗುತ್ತದೆ. ಮಳೆ ಹಿಡಿದ ಮೇಲೆ ನಮ್ಮ ತೋಡುಗಳ ಬದಿಯಲ್ಲಿ ಥೆರ್ಮೆ ತೊಪ್ಪು ಎಂಬ ಜರೀಗಿಡದ ಸುರುಳಿ ಕುಡಿ ಏಳುವುದನ್ನು ನೀವೆಲ್ಲ ಕಂಡಿದ್ದೀರಿ, ಕಿತ್ತು ತಂದು ಪಲ್ಯ ಮಾಡಿದ್ದೀರಿ. ನಾವು ಕೀಳದೆ ಬಿಟ್ಟ ಒಂದು ಕುಡಿಯನ್ನು ನಾಲ್ಕು ದಿನ ನೋಡಿ. ಕಾಂಡ ಮೊದಲು ನೇರವಾಗಿ ಎತ್ತರಕ್ಕೆ ಏರುತ್ತದೆ, ಸುರುಳಿ ಬುಡದ ಕಡೆಯಿಂದ ಬಿಚ್ಚುತ್ತ ಹೋಗುತ್ತದೆ, ಅತ್ಯಂತ ಎಳೆಯ ತುದಿ ಕಟ್ಟಕಡೆಗೆ ತೆರೆಯುತ್ತದೆ. ತೊಡೆ ಮೊದಲು, ಮಂಡಿ ಆಮೇಲೆ, ಪಾದ ಕೊನೆಗೆ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಅಂಥ ಕುಡಿಯೊಂದನ್ನು ಪುಸ್ತಕದ ನಡುವೆ ಇಟ್ಟು ತಂದು, ‘ಮಿಸ್, ಇದು ಅರ್ಧ ದೆವಲೊಪೆ’ ಎಂದು ನನ್ನ ಕೈಗಿಟ್ಟ. ಕಾಲನ್ನು ಎತ್ತರದಲ್ಲಿ ಹಿಡಿದು ನಿಲ್ಲುವ ಬಲವನ್ನು ಸೊಂಟ, ಹೊಟ್ಟೆ ಮತ್ತು ಬೆನ್ನಿಗೆ ಕೊಡುವುದು ಈ ಅಭ್ಯಾಸದ ಉದ್ದೇಶ, ಆ ಬಲ ಬುಡದಿಂದ ಬಿಚ್ಚಿದಾಗ ಮಾತ್ರ ಬರುತ್ತದೆ.

ಫ್ರಾಪೆಯ ವಿಷಯದಲ್ಲಿ ನನ್ನದೇ ಒಂದು ನೋವಿದೆ. ಬೇರೊಂದು ಊರಿನಲ್ಲಿ ಬ್ಯಾಲೆ ಕಲಿಯಲು ಆರಂಭಿಸಿದಾಗ ನಮ್ಮ ಗುರುಗಳು ಈ ಅಭ್ಯಾಸಕ್ಕೆ ‘ಜೋರಾಗಿ’ ಎಂಬ ಒಂದೇ ವಿವರಣೆ ಕೊಡುತ್ತಿದ್ದರು. ಅರ್ಥ ಕೇಳುವ ರೂಢಿ ಅಲ್ಲಿರಲಿಲ್ಲ, ನಾನೂ ಕೇಳಲಿಲ್ಲ. ತೊಡೆಯಿಂದಲೇ ಒದೆಯುತ್ತ, ಹೊರಕ್ಕೂ ಒಳಕ್ಕೂ ಸಮನಾದ ಬಲ ಹಾಕುತ್ತ ಎರಡು ವರ್ಷ ಮಾಡಿದೆ. ಮಂಡಿಚಿಪ್ಪಿನ ಕೆಳಗೆ ಹಿಡಿದ ನೋವು ಬಹಳ ಕಾಲ ಬಿಡಲಿಲ್ಲ. ಹೊಡೆದದ್ದು ಎಂಬ ಅರ್ಥ ತಿಳಿದ ಮೇಲೆ ಮೊದಲು ಎದ್ದ ಪ್ರಶ್ನೆ, ಯಾವುದನ್ನು ಹೊಡೆಯಬೇಕು ಎಂಬುದು. ಚೆಕೆಟ್ಟಿಯ ಪದ್ಧತಿಯಲ್ಲಿ ಬೆರಳುಗಳ ಬುಡದ ದಿಂಡು ನೆಲಕ್ಕೆ ತಾಗಿ ಹೊರಚಿಮ್ಮುತ್ತದೆ. ರಷ್ಯದ ಪದ್ಧತಿಯಲ್ಲಿ ಪಾದ ನೆಲವನ್ನು ಹೊಡೆಯುವುದಿಲ್ಲ, ನಿಂತ ಕಾಲಿನ ಗಂಟಿಗೆ ತಾಗುತ್ತದೆ. ಎರಡರಲ್ಲೂ ತೊಡೆ ಸ್ಥಿರ, ಚಲನೆ ಮಂಡಿಯಿಂದ ಕೆಳಗೆ, ಒತ್ತು ಹೊರಕ್ಕೆ, ಹೊರಗೆ ಒಂದು ಖಚಿತವಾದ ನಿಲುಗಡೆ. ತಟ್ಟಡವಿನಲ್ಲಿ ತಟ್ಟಿದ ಸದ್ದೇ ತಾಳವಾಗಿ ಉಳಿಯುತ್ತದೆ. ಫ್ರಾಪೆಯಲ್ಲಿ ಹೊಡೆತ ಕೇವಲ ಹೊರಡುವ ಕ್ಷಣ, ಸಣ್ಣ ಚುರುಕಿನ ನೆಗೆತಗಳಿಗೆ ಪಾದವನ್ನು ಸಿದ್ಧಗೊಳಿಸುವ ಕಿಡಿ. ಎರಡೂ ನೃತ್ಯ ಕಲಿಯುವ ಮಕ್ಕಳಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳದಿದ್ದರೆ ಒಂದರ ಅಭ್ಯಾಸ ಇನ್ನೊಂದನ್ನು ಕೆಡಿಸುತ್ತದೆ.

ಬಾರ್ ಬಿಟ್ಟು ಕೋಣೆಯ ನಡುವೆ ಬಂದಾಗ ಇವೆಲ್ಲ ಎಲ್ಲಿ ಹೋಗುತ್ತವೆ ಎಂಬುದಕ್ಕೆ ಒಂದು ನೆಗೆತವನ್ನು ಬಿಡಿಸಿ ತೋರಿಸುತ್ತೇನೆ. ಅಸಾಂಬ್ಲೆ ಎಂದರೆ ಕೂಡಿಸಿದ್ದು. ಎರಡೂ ಕಾಲಿನ ಪ್ಲಿಯೆಯಿಂದ ಆರಂಭ. ಒಂದು ಕಾಲು ನೆಲವನ್ನು ಸವರಿ ಹೊರಕ್ಕೆ ಹೋಗುತ್ತದೆ, ಅದು ದೆಗಾಜೆ. ಆಗ ಇಡೀ ಭಾರ ಬಗ್ಗಿದ ಒಂದೇ ಕಾಲಿನ ಮೇಲೆ ಬರುತ್ತದೆ, ಫೋಂದ್ಯುವಿನಲ್ಲಿ ನಾವು ಗಟ್ಟಿಮಾಡಿಕೊಂಡದ್ದು ಆ ಕಾಲನ್ನೇ. ಆ ಕಾಲಿನ ಪಾದ ಹಿಮ್ಮಡಿ, ದಿಂಡು, ಬೆರಳು ಎಂಬ ತಾಂದ್ಯುವಿನ ಕ್ರಮದಲ್ಲಿ ನೆಲವನ್ನು ನೂಕುತ್ತದೆ. ಗಾಳಿಯಲ್ಲಿ ಕಾಲುಗಳು ಕೂಡುತ್ತವೆ, ಎರಡೂ ಪಾದಗಳು ಒಂದೇ ಸದ್ದಿನಲ್ಲಿ ಪ್ಲಿಯೆಗೆ ಇಳಿಯುತ್ತವೆ. ಎರಡು ಸದ್ದು ಕೇಳಿಸಿದರೆ ಅದು ಅಸಾಂಬ್ಲೆ ಅಲ್ಲ ಎಂದು ಹೆಸರೇ ಹೇಳುತ್ತಿದೆ. ಇಷ್ಟನ್ನು ತಿಳಿದ ಮಗು ಮರುದಿನದಿಂದ ತಾಂದ್ಯುವನ್ನು ಬೇಸರದಿಂದ ಮಾಡುವುದಿಲ್ಲ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ಮಾತುಗಳೂ ಹೀಗೆ ದಾರಿ ತೋರಿಸುವುದಿಲ್ಲ, ಕೆಲವು ದಾರಿ ತಪ್ಪಿಸುತ್ತವೆ. ಪಾ ದ ಶಾ ಎಂದರೆ ನಿಜವಾಗಿಯೂ ಬೆಕ್ಕಿನ ಹೆಜ್ಜೆ. ಆಂತ್ರ್‌ಶಾದಲ್ಲಿ ಅದೇ ಶಾ ಕೇಳಿಸುತ್ತದೆ, ಆದರೆ ಅಲ್ಲಿ ಬೆಕ್ಕಿಲ್ಲ; ಅದು ಹೆಣೆದದ್ದು ಎಂಬ ಅರ್ಥದ ಇಟಾಲಿಯನ್ ಮಾತು ಫ್ರೆಂಚರ ಬಾಯಲ್ಲಿ ರೂಪ ಬದಲಿಸಿಕೊಂಡದ್ದು, ಗಾಳಿಯಲ್ಲಿ ಕಾಲುಗಳು ಜಡೆಯ ಎಳೆಗಳಂತೆ ಹಿಂದೆಮುಂದೆ ಹೆಣೆದುಕೊಳ್ಳುವ ನೆಗೆತ. ಪಾ ದ ಬುರೆಯಲ್ಲಿರುವ ಬುರೆ ಫ್ರಾನ್ಸಿನ ಓವೆರ್ನ್ಯ್ ಸೀಮೆಯ ಒಂದು ಜಾನಪದ ಕುಣಿತ. ಕೊಡವ ಹೆಂಗಸರ ಕುಣಿತವನ್ನು ನಾವು ಉಮ್ಮತ್ತಾಟ್ ಎಂದಂತೆ ಅದೊಂದು ಕುಣಿತದ ಹೆಸರು, ಅದನ್ನು ಚರಿತ್ರೆಯಾಗಿಯೇ ತಿಳಿಯಬೇಕು.

ಇವನ್ನೆಲ್ಲ ಕನ್ನಡಕ್ಕೇ ತಿರುಗಿಸಿಬಿಡಬಾರದೇ ಎಂದು ಸಭೆಯಿಂದ ಹಿರಿಯರೊಬ್ಬರು ಕೇಳಿದರು. ಅರ್ಥವನ್ನು ಕನ್ನಡದಲ್ಲಿ ಕೊಡೋಣ, ಹೆಸರನ್ನು ಹಾಗೆಯೇ ಇಟ್ಟುಕೊಳ್ಳೋಣ ಎಂಬುದು ನನ್ನ ಉತ್ತರ. ನಮ್ಮ ಕಾಫಿ ತೋಟಗಳಲ್ಲಿ ಪಾರ್ಚ್‌ಮೆಂಟ್, ಚೆರಿ, ಬ್ಲಾಸಂ ಮಳೆ ಎಂಬ ಮಾತುಗಳನ್ನು ಯಾರೂ ತಿರುಗಿಸಲು ಹೋಗಿಲ್ಲ. ಪಾರ್ಚ್‌ಮೆಂಟ್ ಎಂದೊಡನೆ ಕಣದಲ್ಲಿ ಒಣಗುವ ಬೀಜದ ಮೇಲಿನ ಸಿಪ್ಪೆ ಕೆಲಸಗಾರರ ಬೆರಳಿಗೆ ಗೊತ್ತಾಗುತ್ತದೆ, ಆದ್ದರಿಂದ ಅದು ಈಗ ನಮ್ಮ ಮಾತು. ಫೋಂದ್ಯು ಎಂದರೂ ಮಗುವಿನ ಮಂಡಿಗೆ ಅಷ್ಟೇ ನಿಚ್ಚಳವಾಗಿ ಗೊತ್ತಾಗಲಿ. ಈ ಹೆಸರುಗಳನ್ನು ಬಲ್ಲವಳು ನಾಳೆ ಟೋಕಿಯೊದಲ್ಲಿಯೋ ಹವಾನಾದಲ್ಲಿಯೋ ಪಾಠಕ್ಕೆ ನಿಂತರೂ ಅಲ್ಲಿನ ಗುರು ಹೇಳಿದ್ದು ಅವಳಿಗೆ ತಿಳಿಯುತ್ತದೆ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. ಅವರ ಮಗಳಿಗೆ ಒಂಬತ್ತು ವರ್ಷ, ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂ ಬೇಕೆಂದು ಹಟ ಹಿಡಿದಿದ್ದಾಳೆ. ನಾನು ರೆಲವೆಯ ಅರ್ಥದಿಂದಲೇ ಉತ್ತರಿಸಿದೆ. ಅದು ಮೇಲೆತ್ತಿದ್ದು, ಎತ್ತುವುದು ಕಾಲಿನ, ಸೊಂಟದ, ಬೆನ್ನಿನ ಬಲ, ಶೂ ಎತ್ತುವುದಿಲ್ಲ. ಆ ವಯಸ್ಸಿನಲ್ಲಿ ಪಾದದ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ಸಾಮಾನ್ಯವಾಗಿ ಹನ್ನೊಂದು, ಹನ್ನೆರಡರ ನಂತರ, ಕೆಲವು ವರ್ಷಗಳ ಕ್ರಮವಾದ ಪಾಠ ಆದ ಮೇಲೆ, ಪಾದದ ಬಲವನ್ನು ನೋಡಿ ನಿರ್ಧರಿಸುತ್ತಾರೆ. ಅಲ್ಲಿಯೇ ಆ ಮಗುವನ್ನು ಕರೆದು, ಬರಿಗಾಲಿನಲ್ಲಿ, ಒಂದು ಕಾಲಿನ ಮೇಲೆ, ಮಂಡಿ ನೆಟ್ಟಗಿಟ್ಟುಕೊಂಡು ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸಲು ಹೇಳಿದೆ. ಆರನೆಯ ಬಾರಿಗೆ ಗಂಟು ಹೊರಕ್ಕೆ ವಾಲಿತು. ಅವಳು ಕೆಳಗೆ ನೋಡಿ ತಾನೇ ‘ಇನ್ನೂ ಆಗಲ್ಲ’ ಎಂದಳು, ಕುರ್ಚಿಯ ಬೆನ್ನು ಹಿಡಿದು ಮತ್ತೆ ಒಂದರಿಂದ ಎಣಿಸಲು ಆರಂಭಿಸಿದಳು.